ಕೋಲಿ ಡಾಕ್ಟರ ಜ್ವರದ ಮದ್ದು

1891ರ ಜನವರಿಯಲ್ಲಿ ನ್ಯೂಯಾರ್ಕಿನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ ಚಿಕಿತ್ಸೆ ನೀಡುತ್ತಿದ್ದ 17 ವರ್ಷದ ಹುಡುಗಿ ತೀರಿಕೊಂಡಳು. ಕೈನೋವೆಂದು ಬಂದವಳಿಗೆ ಇದ್ದದ್ದು ಸಾರ್ಕೋಮಾ ಎಂಬ ಕ್ಯಾನ್ಸರ್. ಮೊಣಕೈ ಕೆಳಗೆ ಕೈ ಕತ್ತರಿಸಿದರೂ ರೋಗ ಮೈಗೆಲ್ಲ ಹಬ್ಬಿತು.

ಆ ಸಾವು ಕೋಲಿಯವರನ್ನು ಸುಮ್ಮನೆ ಕೂರಗೊಡಲಿಲ್ಲ. ಆಸ್ಪತ್ರೆಯ ಹಳೆಯ ಕಡತ ತಿರುವುತ್ತಿದ್ದಾಗ ಒಬ್ಬ ಜರ್ಮನ್ ವಲಸಿಗನ ವಿವರ ಕಣ್ಣಿಗೆ ಬಿತ್ತು. ಎಷ್ಟು ಸಲ ಕೊಯ್ದರೂ ಮತ್ತೆ ಬೆಳೆಯುತ್ತಿದ್ದ ಅವನ ಕುತ್ತಿಗೆಯ ಗಡ್ಡೆ, ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ ಜ್ವರ ಏರಿದ ಮೇಲೆ ಕರಗಿಹೋಗಿತ್ತು. ಕೋಲಿ ಮ್ಯಾನ್‌ಹಟನ್ನಿನ ಬಡ ವಲಸಿಗರ ಕೇರಿಗಳನ್ನು ಅಲೆದು ಅವನನ್ನು ಪತ್ತೆಹಚ್ಚಿದರು. ಕುತ್ತಿಗೆಯಲ್ಲಿ ಗಾಯದ ಕಲೆಯಿತ್ತು, ಗಡ್ಡೆಯಿರಲಿಲ್ಲ.

ಅದೇ ವರ್ಷ ಅವರು ರೋಗಿಗಳಿಗೆ ಬೇಕೆಂದೇ ಸೋಂಕು ತಗುಲಿಸತೊಡಗಿದರು. ಜೀವಂತ ಬ್ಯಾಕ್ಟೀರಿಯಾ ಕೆಲವರ ಪ್ರಾಣವನ್ನೇ ತೆಗೆದಾಗ, ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ ಬಂದರು. 1893ರಲ್ಲಿ ಹೊಟ್ಟೆಯಲ್ಲಿ ದೊಡ್ಡ ಗಡ್ಡೆಯಿದ್ದ 16 ವರ್ಷದ ಹುಡುಗನಿಗೆ ಅದನ್ನು ಗಡ್ಡೆಯೊಳಕ್ಕೇ ಚುಚ್ಚಿದರು. ಚಳಿ, ನಡುಕ, ಸುಡುವ ಜ್ವರ. ಗಡ್ಡೆ ಇಷ್ಟಿಷ್ಟೇ ಕುಗ್ಗಿತು. ಆತ ಮತ್ತೆ 26 ವರ್ಷ ಬದುಕಿದ.

ಎಲ್ಲರಿಗೂ ಹೀಗಾಗಲಿಲ್ಲ. ಒಬ್ಬರಿಗೆ ನಾಟಿದ ಮದ್ದು ಇನ್ನೊಬ್ಬರಿಗೆ ಏಕೆ ನಾಟದು ಎಂಬುದಕ್ಕೆ ಕೋಲಿಯವರಲ್ಲಿ ಉತ್ತರವಿರಲಿಲ್ಲ. ಅವರ ಆಸ್ಪತ್ರೆಯಲ್ಲೇ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ಈ ಮದ್ದನ್ನು ವಿರೋಧಿಸಿದರು. ವಿಕಿರಣ ಚಿಕಿತ್ಸೆ ಮುಂದೆ ಬಂತು. 1936ರಲ್ಲಿ ಕೋಲಿ ತೀರಿಕೊಂಡ ಮೇಲೆ ಮಗಳು ಹೆಲೆನ್, ವೈದ್ಯಕೀಯ ಓದಿರದಿದ್ದರೂ, ತಂದೆಯ ಕಾಗದಗಳನ್ನು ಕೆದಕಿ ಸಾವಿರದಷ್ಟು ರೋಗಿಗಳ ವಿವರ ಕಲೆಹಾಕಿದರು. ಆ ಛಲ ದೊಡ್ಡದು.

ಕೆಲವರಿಗಷ್ಟೇ ನಾಟಿತೆಂದು ಮದ್ದನ್ನೇ ತಳ್ಳಿಹಾಕಿದ್ದು ಆತುರವಾಯಿತು. ಎಲ್ಲರಿಗೂ ಏಕೆ ನಾಟದು ಎಂಬುದರ ಸುಳಿವು ಗಡ್ಡೆಯೊಳಗೇ ಇತ್ತು. ಗಡ್ಡೆ ಒಂದೇ ಜೀವಕೋಶದಿಂದ ಹುಟ್ಟಿದರೂ ಬೆಳೆಯುತ್ತ ಕವಲೊಡೆಯುತ್ತದೆ ಎಂದು 1976ರಲ್ಲಿ ಕ್ಯಾನ್ಸರ್ ಸಂಶೋಧಕ ಪೀಟರ್ ನೊವೆಲ್ ವಾದಿಸಿದರು. 2012ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ ಮೂತ್ರಪಿಂಡದ ಗಡ್ಡೆಯನ್ನು ಹಲವೆಡೆ ಚಿವುಟಿ ಪರೀಕ್ಷಿಸಿತು. ಜೀನುಗಳಲ್ಲಾದ ಶೇ 60ಕ್ಕೂ ಹೆಚ್ಚು ಮ್ಯುಟೇಷನ್‌ಗಳು ಒಂದೆಡೆ ಇದ್ದರೆ ಇನ್ನೊಂದೆಡೆ ಇರಲಿಲ್ಲ!

ದೇಹದ ಕಾವಲಿಗಿರುವ ಟಿ ಕೋಶಗಳೂ ಒಂದೇ ಬಗೆಯವಲ್ಲ. ಗಡ್ಡೆಯ ಕೋಶಗಳ ಮೇಲಿನ ಗುರುತುಗಳಲ್ಲಿ ಒಂದೊಂದೂ ತನಗೆ ಒಗ್ಗುವುದನ್ನಷ್ಟೇ ಹಿಡಿಯುತ್ತದೆ. ಗುರುತು ಸಿಕ್ಕ ಕವಲು ಸಾಯುತ್ತದೆ, ಗುರುತಿಲ್ಲದ್ದು ಅದರ ಜಾಗದಲ್ಲಿ ಹಬ್ಬುತ್ತದೆ. ಕರುಳಿನ ಕ್ಯಾನ್ಸರ್ ರೋಗಿಗಳ ಗಡ್ಡೆಯಲ್ಲಿ ಯಾವ ಬಗೆಯ ಟಿ ಕೋಶಗಳು ಎಲ್ಲಿ, ಎಷ್ಟು ಸೇರಿವೆ ಎಂಬುದರ ಮೇಲೆ ಅವರ ಆಯುಸ್ಸನ್ನು ಅಂದಾಜಿಸಬಹುದೆಂದು ಪ್ಯಾರಿಸ್‌ನ ಜೆರೋಮ್ ಗಾಲೋನ್ ತಂಡ 2006ರಲ್ಲೇ ತೋರಿಸಿತ್ತು. 2016ರಲ್ಲಿ ಸ್ವಾಂಟನ್ ತಂಡ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ರೋಗಿಗಳನ್ನು ನೋಡಿತು. ಟಿ ಕೋಶ ಹಿಡಿಯಬಲ್ಲ ಗುರುತುಗಳು ಗಡ್ಡೆಯ ಎಲ್ಲ ಕವಲುಗಳಲ್ಲೂ ಇದ್ದವರಿಗೆ ಕೋಲಿಯವರ ಮದ್ದಿನಂತೆ ದೇಹದ ಕಾವಲನ್ನೇ ಎಬ್ಬಿಸುವ ಇಮ್ಯುನೋಥೆರಪಿ ಹೆಚ್ಚು ಫಲಿಸಿತ್ತು.