ಗಾರ್ಬಲ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ವ್ಯಾಪಾರದಲ್ಲಿ ‘ಗಾರ್ಬಲ್’ ಎಂದರೆ ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ವಿಂಗಡಿಸುವುದು. ಜರಡಿ ಎಂಬರ್ಥದ ಅರಬಿಯ ‘ಗಿರ್ಬಾಲ್’ ಇಟಲಿಯ ವ್ಯಾಪಾರಿಗಳ ಬಾಯಿಗೆ ಬಿದ್ದು, ಇಂಗ್ಲಿಷಿಗೆ ಹೋಗಿ, ಸಾಂಬಾರ ಪದಾರ್ಥ ಸೋಸುವ ಕೆಲಸದ ಹೆಸರಾಯಿತು. ಇಂದು ಇಂಗ್ಲಿಷಿನಲ್ಲಿ ಅದು ಮಾತು ಕಲಸುಮೇಲೋಗರವಾಗುವುದನ್ನೇ ಹೆಚ್ಚಾಗಿ ಸೂಚಿಸುತ್ತದೆ. ಹಳೆಯ ಅರ್ಥ ನಮ್ಮ ಅಡಿಕೆ ಮಂಡಿಯಲ್ಲಿ ಜೀವಂತವಾಗಿರುವುದು ನನಗಂತೂ ಹೆಮ್ಮೆ. ಮೋಟಿ, ಜೀನಿಯಂಥ ಗಾತ್ರಗಳನ್ನು ಜರಡಿ ಬೇರ್ಪಡಿಸುತ್ತದೆ. ಪಟೋರ, ಉಳ್ಳಿ, ಕರಿಗೋಟಿನಂಥ ಕೀಳು ದರ್ಜೆಯ ಅಡಿಕೆಯನ್ನು ಹೆಕ್ಕಲು ಪಳಗಿದ ಕಣ್ಣೇ ಬೇಕು.

ಜಾಲತಾಣದ ವರದಿ ಸೋಸುವವರಿಗೂ ಈ ಪದ ಒಪ್ಪುತ್ತದೆ. ಭೇಟಿಗಳ ಸಂಖ್ಯೆ ಗಾತ್ರ. ಖರೀದಿಯನ್ನು ಭೇಟಿಯಿಂದ ಭಾಗಿಸಿ ಬರುವ ಶೇಕಡಾವಾರು ಗುಣ. 2 ಭೇಟಿಗೆ 1 ಖರೀದಿಯಾದ ಪುಟ ಶೇ 50 ತೋರಿಸಿ ಪಟ್ಟಿಯ ತುದಿಗೇರುತ್ತದೆ; ಆದರೆ ಅಷ್ಟು ಕಡಿಮೆ ಭೇಟಿಯಿಂದ ಗುಣ ಅಳೆಯಲಾಗದು. ಹಾಗಾಗಿ ಮೊದಲು ಭೇಟಿಯ ಜರಡಿ, ಆಮೇಲೆ ಶೇಕಡಾವಾರಿನದು.