ಹಂದಿ: ಬೆದೆ, ಗಬ್ಬ ಮತ್ತು ಗರ್ಭನಷ್ಟ

ಹೆಣ್ಣು ಹಂದಿ ವರ್ಷವಿಡೀ ಬೆದೆಗೆ ಬರುತ್ತದೆ. ಯಾರ್ಕ್‌ಷೈರ್, ಲ್ಯಾಂಡ್ರೇಸ್‌ನಂಥ ತಳಿಗಳು ಆರೇಳು ತಿಂಗಳಿಗೆ ಪ್ರಾಯಕ್ಕೆ ಬಂದರೂ ಮೊದಲ ಬೆದೆಯನ್ನು ಬಿಟ್ಟು ಎರಡನೆಯದಕ್ಕೋ ಮೂರನೆಯದಕ್ಕೋ ಗಂಡು ಕೂಡಿಸುವುದು ಲೇಸು. ಆಗ ಅಂಡಗಳು ಹೆಚ್ಚು ಬಿಡುಗಡೆಯಾಗುತ್ತವೆ. ಬೆದೆ 21 ದಿನಕ್ಕೊಮ್ಮೆ ಬಂದು ಎರಡು ಮೂರು ದಿನ ಇರುತ್ತದೆ. ಗಬ್ಬದ ಅವಧಿ ಸುಮಾರು 114 ದಿನ, ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ.

ಯೋನಿದ್ವಾರ ಊದಿ ಕೆಂಪಾಗುವುದು ಬೆದೆಯ ಮುನ್ಸೂಚನೆ ಮಾತ್ರ. ಗಂಡು ಹಂದಿಯನ್ನು ಎದುರಿಗೆ ನಿಲ್ಲಿಸಿ, ಹೆಣ್ಣಿನ ಸೊಂಟದ ಮೇಲೆ ಅಂಗೈ ಊರಿ ಒತ್ತಬೇಕು. ಅದು ಕಿವಿ ನಿಮಿರಿಸಿ, ಕಾಲು ಬಿಗಿದು, ಅಲುಗದೆ ನಿಂತರೆ ಬೆದೆ ಖಚಿತ. ಗಂಡಿನ ನೊರೆಜೊಲ್ಲಿನಲ್ಲಿರುವ ಆಂಡ್ರೊಸ್ಟೆನೋನ್ ಎಂಬ ವಾಸನೆಯ ವಸ್ತು ಈ ನಿಲುವನ್ನು ಪ್ರಚೋದಿಸುತ್ತದೆ. ಬೆದೆಯ ಮೂರನೇ ಎರಡು ಪಾಲು ಕಳೆಯುವ ಹೊತ್ತಿಗೆ ಅಂಡ ಬಿಡುಗಡೆಯಾಗುವುದರಿಂದ ಒಂದು ದಿನದ ಅಂತರದಲ್ಲಿ ಎರಡು ಸಲ ಕೂಡಿಸುವುದುಂಟು. ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯವನ್ನು 17 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡಬೇಕು. ಮನೆಯ ಫ್ರಿಜ್ಜಿನ ತಂಪು ಅದಕ್ಕೆ ಆಗಿಬರುವುದಿಲ್ಲ.

ಕೂಡಿಸಿದ 18ರಿಂದ 24 ದಿನದೊಳಗೆ ಬೆದೆ ಮರಳಿದರೆ ಗರ್ಭ ಕಟ್ಟಿಲ್ಲವೆಂದು ತಿಳಿಯಬೇಕು. 25 ದಿನ ದಾಟಿ ಮರಳಿದರೆ, ಹೆಚ್ಚಾಗಿ, ಕಟ್ಟಿದ್ದು ಕಳೆದುಹೋಗಿದೆ. 35 ದಿನಕ್ಕೆ ಮುಂಚೆ ಸತ್ತ ಭ್ರೂಣ ಗರ್ಭಕೋಶದಲ್ಲೇ ಕರಗುತ್ತದೆ. ಆಮೇಲೆ ಮೂಳೆ ಗಟ್ಟಿಯಾಗತೊಡಗುವುದರಿಂದ ಸತ್ತದ್ದು ಕರಗದೆ, ಕಂದುಬಣ್ಣಕ್ಕೆ ತಿರುಗಿ ಒಣಗಿ, ಹೆರಿಗೆಯಲ್ಲಿ ಬದುಕಿದ ಮರಿಗಳ ಜೊತೆ ಹೊರಬೀಳುತ್ತದೆ. ಇಂಥ ಒಣಮರಿಗಳನ್ನು ಮಾಸಿನೊಂದಿಗೆ ಎಸೆದುಬಿಡುವ ರೂಢಿ ತಪ್ಪು. ಹಿಂಡಿನೊಳಗೆ ಏನಾಗಿದೆಯೆಂದು ಹೇಳುವ ಸಾಕ್ಷಿ ಅವೇ. ನೆತ್ತಿಯಿಂದ ಬಾಲದ ಬುಡದವರೆಗಿನ ಉದ್ದ ಅಳೆದರೆ ಸತ್ತ ಕಾಲ ಅಂದಾಜಾಗುತ್ತದೆ: 17 ಸೆಂಟಿಮೀಟರ್ ಎಂದರೆ ಸುಮಾರು 70ನೆಯ ದಿನ. ಒಂದೇ ಸೂಲಿನಲ್ಲಿ ಬೇರೆಬೇರೆ ಅಳತೆಯ ಒಣಮರಿಗಳು ಬಿದ್ದರೆ ಮೊದಲ ಅನುಮಾನ ಪಾರ್ವೊವೈರಸ್ ಮೇಲೆ. ಅದು ಗರ್ಭದೊಳಗೆ ಮರಿಯಿಂದ ಮರಿಗೆ ನಿಧಾನವಾಗಿ ಹರಡುತ್ತದೆ. ತಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ. ಸುಮಾರು 70 ದಿನ ದಾಟಿದ ಭ್ರೂಣಗಳು ಪ್ರತಿಕಾಯ ತಯಾರಿಸಿಕೊಂಡು ಉಳಿಯುತ್ತವೆ. ಮೊದಲ ಸೂಲಿನ ಹಂದಿಗಳಿಗೆ ಕೂಡಿಸುವ ಮುಂಚೆಯೇ ಲಸಿಕೆ ಹಾಕಿಸಬೇಕು.

ಕ್ಯೂಲೆಕ್ಸ್ ಸೊಳ್ಳೆಗಳಿಂದ ಹರಡುವ ಜಪಾನೀಸ್ ಮಿದುಳು ಜ್ವರದ ವೈರಸ್ಸೂ ಸತ್ತಮರಿ, ಒಣಮರಿಗಳಿಗೆ ಕಾರಣ. ಭಾರತದಲ್ಲಿ 2013ರಲ್ಲಿ ಮಿಜೋರಾಂನಲ್ಲಿ ಕಾಣಿಸಿಕೊಂಡ, ಹಂದಿಗಳ ಸಂತಾನೋತ್ಪತ್ತಿಯನ್ನೂ ಉಸಿರಾಟವನ್ನೂ ಕೆಡಿಸುವ ಪಿಆರ್‌ಆರ್‌ಎಸ್ ರೋಗ ಗಬ್ಬದ ಕೊನೆಯ ದಿನಗಳಲ್ಲಿ ಕಂದು ಹಾಕಿಸುತ್ತದೆ. ಗರ್ಭನಷ್ಟಕ್ಕೆ ಕಾರಣವಾಗುವ ಲೆಪ್ಟೊಸ್ಪೈರಾ, ಬ್ರೂಸೆಲ್ಲಾ ಬ್ಯಾಕ್ಟೀರಿಯಾಗಳು ಮನುಷ್ಯರಿಗೂ ಅಂಟುವುದರಿಂದ ಬಿದ್ದ ಕಂದು, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟಬಾರದು.

ಎಲ್ಲ ಸೋಲಿಗೂ ಹೆಣ್ಣು ಹಂದಿಯನ್ನೇ ದೂರುವುದು ಸಲ್ಲದು. ಬಿಸಿಲಿನ ಬೇಗೆಗೆ ಸಿಕ್ಕ ಗಂಡಿನ ವೀರ್ಯ ಸರಿಹೋಗಲು ಐದಾರು ವಾರ ಬೇಕು. ಏಪ್ರಿಲ್ ಸೆಕೆಯ ಪರಿಣಾಮ ಮಳೆ ಬಿದ್ದು ತಂಪಾದ ಮೇಲೂ ಕಾಣಿಸಬಹುದು.