ಗೆದ್ದೆತ್ತಿನ ಬಾಲ ಹಿಡಿಯದವರು

ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ನಡುವೆ ಒಂದು ಹಳೆಯ ವಾದ ತಲೆಯೆತ್ತುತ್ತದೆ. ಅಭ್ಯರ್ಥಿ ಸಜ್ಜನ, ವಿಚಾರವಂತ, ಆಡಿದಂತೆ ನಡೆಯುವವನು, ಆದರೆ ಗೆಲ್ಲುವವನಲ್ಲ. ಅಂಥವನಿಗೆ ಮತ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಒಬ್ಬರು ಹೇಳುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಮತಗಟ್ಟೆಯವರೆಗೆ ಹೋಗುವ ಶ್ರಮವಾದರೂ ಏಕೆ ಎಂದು ಇನ್ನೊಬ್ಬರು ಕೇಳುತ್ತಾರೆ. ಎಲ್ಲ ಪಂಥಗಳಲ್ಲಿಯೂ ಇರುವ ವಾದವಿದು. ಆದರೂ ಸ್ವತಂತ್ರ ಭಾರತದಲ್ಲಿ ಇದರ ಬಿಸಿಯನ್ನು ಬಹುಕಾಲ ಅನುಭವಿಸಿದವರಲ್ಲಿ ಸ್ವತಂತ್ರ ಪಕ್ಷದ ಬೆಂಬಲಿಗರು ಪ್ರಮುಖರು. 1959ರಲ್ಲಿ ಹುಟ್ಟಿ 1974ರಲ್ಲಿ ಮುಗಿದ ಪಕ್ಷವದು. ಅದರ ಲೆಕ್ಕದ ಪುಸ್ತಕ ಮುಚ್ಚಿದೆಯಾದ್ದರಿಂದ ಜಮಾ ಖರ್ಚನ್ನು ಸಮಾಧಾನದಿಂದ ನೋಡಬಹುದು. ಅದರ ಆರ್ಥಿಕ ನೀತಿ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ನಮ್ಮ ಉದ್ದೇಶವಲ್ಲ. ಅದಕ್ಕೆ ಬಿದ್ದ ಮತಗಳು ಏನಾದವು ಎಂಬುದಷ್ಟೇ ನಮ್ಮ ಪ್ರಶ್ನೆ.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ದೇಶದ ಕೃಷಿಯ ಭವಿಷ್ಯ ಸಹಕಾರಿ ಸಾಮೂಹಿಕ ಬೇಸಾಯದಲ್ಲಿದೆ ಎಂದು ನಿರ್ಣಯಿಸಿತು. ಸ್ವಂತ ಜಮೀನಿನ ರೈತರಲ್ಲಿ ಇದು ಆತಂಕವನ್ನುಂಟುಮಾಡಿತು. ಅದೇ ವರ್ಷ ಜೂನ್‌ನಲ್ಲಿ ಮದ್ರಾಸಿನಲ್ಲಿ ಹೊಸ ಪಕ್ಷದ ಘೋಷಣೆಯಾಯಿತು. ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಅದರ ಮೊದಲ ಸಮಾವೇಶ ನಡೆಯಿತು. ಮುಂದಾಳು ಚಕ್ರವರ್ತಿ ರಾಜಗೋಪಾಲಾಚಾರಿ. ಹೊಸೂರಿನ ಸಮೀಪದ ಹಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರಿಗೆ ಆಗ ಎಂಬತ್ತರ ವಯಸ್ಸು. ಗವರ್ನರ್ ಜನರಲ್ ಹುದ್ದೆಯವರೆಗೆ ಎಲ್ಲ ಪದವಿಗಳನ್ನೂ ಕಂಡವರು; ಪಡೆಯಬೇಕಾದುದು ಏನೂ ಉಳಿದಿರಲಿಲ್ಲ. ಅವರ ಜೊತೆಗೆ ನಿಂತವರಲ್ಲಿ ಮುಖ್ಯರಾದ ಮಿನೂ ಮಸಾನಿ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲೊಬ್ಬರು, ಮುಂಬಯಿಯ ಮೇಯರ್ ಆಗಿದ್ದವರು, ಅನಂತರ ಸಮಾಜವಾದದಿಂದ ದೂರ ಸರಿದವರು. ರೈತನಾಯಕ ಎನ್. ಜಿ. ರಂಗಾ ಅಧ್ಯಕ್ಷರಾದರು. ಕೆ. ಎಂ. ಮುನ್ಷಿ ಇದ್ದರು. ಸರ್ದಾರ್ ಪಟೇಲರೊಂದಿಗೆ ಸಂಸ್ಥಾನಗಳ ವಿಲೀನವನ್ನು ಸಾಧಿಸಿ, ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ನೆಲೆಸಿದ್ದ ವಿ. ಪಿ. ಮೆನನ್ ಕೂಡ ಇದ್ದರು.

ಪಕ್ಷ ಇಪ್ಪತ್ತೊಂದು ಮೂಲತತ್ತ್ವಗಳನ್ನು ಪ್ರಕಟಿಸಿತು. ಅವುಗಳಲ್ಲಿ ಕೊನೆಯದು ವಿಶಿಷ್ಟವಾದುದು: ಈ ತತ್ತ್ವಗಳ ವ್ಯಾಪ್ತಿಗೆ ಬಾರದ ಯಾವುದೇ ವಿಷಯದಲ್ಲಿ ಸದಸ್ಯರು ತಮ್ಮ ಮನಸ್ಸಾಕ್ಷಿಯಂತೆ ಮಾತನಾಡಬಹುದು, ಮತ ಹಾಕಬಹುದು. ಪಕ್ಷಶಿಸ್ತಿನ ಹೆಸರಿನಲ್ಲಿ ಬಾಯಿ ಕಟ್ಟುವುದೇ ವಾಡಿಕೆಯಾಗಿರುವ ನಮ್ಮ ದೇಶದಲ್ಲಿ ಇದು ಅಪೂರ್ವ. ಇಂಥ ಪಕ್ಷವನ್ನು ಜನ ಸಂಪ್ರದಾಯವಾದಿ ಎಂದರು, ಬಲಪಂಥೀಯ ಎಂದರು. ಮಸಾನಿಯವರಿಗೆ ತಮ್ಮನ್ನು ಉದಾರವಾದಿ ಎಂದು ಕರೆದುಕೊಳ್ಳುವುದು ಇಷ್ಟವಾಗಿತ್ತು. ಹೆಸರು ಯಾವುದಾದರೂ ಇರಲಿ, ‘ನಕ್ಷತ್ರ’ದ ಗುರುತಿಗೆ ಮತ ಹಾಕಿದ ರೈತ, ವ್ಯಾಪಾರಿ, ನಿವೃತ್ತ ಅಧಿಕಾರಿ ಇವರೆಲ್ಲರಿಗೂ ದೆಹಲಿಯಲ್ಲಿ ತಮ್ಮ ಸರ್ಕಾರ ಸದ್ಯಕ್ಕೆ ಬರುವುದಿಲ್ಲವೆಂಬುದು ಗೊತ್ತಿತ್ತು.

ಹಾಗಾದರೆ ಮತ ಹಾಕುವುದೇಕೆ? 1962ರ ಫಲಿತಾಂಶ ಈ ಪ್ರಶ್ನೆಯನ್ನು ಹರಿತಗೊಳಿಸಿತು. ಕಾಂಗ್ರೆಸ್ ಪಡೆದ ಮತ ಶೇ. 44.72, ಪಡೆದ ಸ್ಥಾನ 494ರಲ್ಲಿ 361. ಸ್ವತಂತ್ರ ಪಕ್ಷಕ್ಕೆ ಶೇ. 7.89ರಷ್ಟು ಮತ, 18 ಸ್ಥಾನ. ಅರ್ಧಕ್ಕಿಂತ ಹೆಚ್ಚು ಮತದಾರರು ಆಳುವ ಪಕ್ಷಕ್ಕೆ ವಿರುದ್ಧವಾಗಿದ್ದರೂ ಅವರ ಮತಗಳು ಹರಿದು ಹಂಚಿಹೋದವು. ವ್ಯವಹಾರಜ್ಞರ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ: ತತ್ತ್ವದ ಅಂಗಡಿಗಳನ್ನು ಬೇರೆಬೇರೆಯಾಗಿ ತೆರೆದು ಕೂತರೆ ಲಾಭವಾಗುವುದು ಎದುರಿನ ದೊಡ್ಡ ಮಳಿಗೆಗೆ, ಆದ್ದರಿಂದ ಗೆಲ್ಲಬಲ್ಲ ಒಬ್ಬನ ಹಿಂದೆ ಎಲ್ಲರೂ ನಿಲ್ಲಬೇಕು. ತತ್ತ್ವನಿಷ್ಠರ ಪ್ರತಿವಾದವೂ ಹಗುರವಲ್ಲ: ಯಾರ ಜೊತೆಗಾದರೂ ಸೇರುವುದಾದರೆ ಹೊಸ ಪಕ್ಷವನ್ನು ಕಟ್ಟಿದ್ದೇಕೆ? ಇಂದು ಬಿಟ್ಟುಕೊಟ್ಟ ಮಾತನ್ನು ನಾಳೆ ಯಾರ ಮುಖ ನೋಡಿ ಮತ್ತೆ ಆಡುವುದು?

ಅದೇ ಚುನಾವಣೆಯಲ್ಲಿ ನಾವಿರುವ ಈ ಮುಂಬಯಿ ಒಂದು ದೃಷ್ಟಾಂತವನ್ನು ಒದಗಿಸಿತು. ಉತ್ತರ ಮುಂಬಯಿ ಕ್ಷೇತ್ರದಲ್ಲಿ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಎದುರು ಆಚಾರ್ಯ ಜೆ. ಬಿ. ಕೃಪಲಾನಿ ಸ್ಪರ್ಧಿಸಿದರು. ತಾವು ಪ್ರತಿನಿಧಿಸುತ್ತಿದ್ದ ಬಿಹಾರದ ಸೀತಾಮಢಿಯನ್ನು ಬಿಟ್ಟು, ಪ್ರಧಾನಿ ನೆಹರೂ ಅವರ ಪೂರ್ಣ ಬೆಂಬಲವಿದ್ದ ಸಚಿವರ ಎದುರು ಬಂದು ನಿಂತರು. ಚೀನಾ ಗಡಿಯ ವಿಷಯದಲ್ಲಿ ದೇಶ ಸಿದ್ಧವಾಗಿಲ್ಲ ಎಂಬುದು ಅವರ ಮುಖ್ಯ ಮಾತು. ಕೃಪಲಾನಿ ಸಂಪ್ರದಾಯವಾದಿಯಲ್ಲ, ಗಾಂಧೀಜಿಯವರ ಒಡನಾಡಿ, ಖಾದಿಧಾರಿ, ಪ್ರಜಾ ಸಮಾಜವಾದಿಗಳ ಸಾಲಿನಿಂದ ಬಂದವರು. ಆದರೂ ಸ್ವತಂತ್ರ ಪಕ್ಷ ಮತ್ತು ಜನಸಂಘದವರು ಅವರನ್ನು ಬೆಂಬಲಿಸಿದರು. ಮೆನನ್ ಸುಮಾರು ಇಮ್ಮಡಿ ಮತಗಳಿಂದ ಗೆದ್ದರು. ಕೃಪಲಾನಿಯವರಿಗೆ ಬಿದ್ದ ಸುಮಾರು 1.5 ಲಕ್ಷ ಮತಗಳನ್ನು ಆ ದಿನ ವ್ಯರ್ಥವೆಂದೇ ಬರೆದುಕೊಳ್ಳಬೇಕಿತ್ತು.

ಎಂಟು ತಿಂಗಳಲ್ಲಿ ಚೀನಾ ಯುದ್ಧವಾಯಿತು. ನವೆಂಬರಿನಲ್ಲಿ ಮೆನನ್ ಸಂಪುಟದಿಂದ ಹೊರನಡೆಯಬೇಕಾಯಿತು. 1963ರ ಉಪಚುನಾವಣೆಗಳಲ್ಲಿ ಅಮರೋಹಾದಿಂದ ಕೃಪಲಾನಿ, ಫರೂಖಾಬಾದಿನಿಂದ ರಾಮಮನೋಹರ ಲೋಹಿಯಾ, ರಾಜಕೋಟದಿಂದ ಮಸಾನಿ ಲೋಕಸಭೆಗೆ ಬಂದರು. ಆ ಆಗಸ್ಟ್‌ನಲ್ಲಿ ಕೃಪಲಾನಿ ಸ್ವತಂತ್ರ ಭಾರತದ ಸಂಸತ್ತಿನ ಮೊದಲ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದರು. ಪರವಾಗಿ 62, ವಿರುದ್ಧವಾಗಿ 347. ಮತ್ತೆ ಸೋಲು. ಆದರೆ ಸರ್ಕಾರವು ಹಲವು ದಿನ ಕುಳಿತು ಉತ್ತರ ಹೇಳಬೇಕಾಯಿತು. ಸೋತ ಮತಕ್ಕೂ ಒಂದು ಕೆಲಸವಿದೆ ಎಂಬುದಕ್ಕೆ ಇದು ಸಾಕ್ಷಿ. ಎಚ್ಚರಿಕೆಯ ಮಾತನ್ನು ಮೊದಲೇ ಆಡಿದವರು ಇದ್ದರು, ಅವರನ್ನು ನಂಬಿದವರು ಒಂದೂವರೆ ಲಕ್ಷ ಮಂದಿ ಇದ್ದರು ಎಂಬುದು ದಾಖಲೆಯಲ್ಲಿ ಉಳಿದಿತ್ತು.

ಈಗ ನಾಣ್ಯದ ಇನ್ನೊಂದು ಮುಖವನ್ನು ನೋಡೋಣ. ಗೆಲ್ಲಬಲ್ಲವರನ್ನು ಹುಡುಕಿಹೋದಾಗ ಸ್ವತಂತ್ರ ಪಕ್ಷಕ್ಕೆ ಹಲವೆಡೆ ಸಿಕ್ಕಿದವರು ಹಳೆಯ ಸಂಸ್ಥಾನಿಕರು. ಜೈಪುರದ ಮಹಾರಾಣಿ ಗಾಯತ್ರೀದೇವಿ 1962ರಲ್ಲಿ ಚಲಾವಣೆಯಾದ 2,46,516 ಮತಗಳಲ್ಲಿ 1,92,909 ಮತಗಳನ್ನು ಪಡೆದು ದಾಖಲೆ ಸ್ಥಾಪಿಸಿದರು. ಬಿಹಾರದಲ್ಲಿ ರಾಮಗಢದ ರಾಜ ಕಾಮಾಖ್ಯ ನಾರಾಯಣ ಸಿಂಗ್ ತಮ್ಮ ಸ್ವಂತ ಪಕ್ಷವನ್ನೇ ತಂದು ಇದರಲ್ಲಿ ಸೇರಿಸಿದರು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಸ್ವತಂತ್ರ ಪಕ್ಷಕ್ಕೆ ಬಿಹಾರವೊಂದರಲ್ಲೇ 50 ಸ್ಥಾನ ಬಂದವು. ವ್ಯವಹಾರಜ್ಞರಿಗೆ ಹಬ್ಬವೇ ಸರಿ. ಆದರೆ ಆ ಮತಗಳು ಬಿದ್ದದ್ದು ಇಪ್ಪತ್ತೊಂದು ತತ್ತ್ವಗಳಿಗಲ್ಲ, ರಾಜರ ಹೆಸರಿಗೆ. ಮುಂದಿನ ಚುನಾವಣೆ ಬರುವಷ್ಟರಲ್ಲಿ ರಾಜರು ಪಕ್ಷ ಬಿಟ್ಟರು. 1967ರಲ್ಲಿ ಬಿಹಾರದಲ್ಲಿ ಉಳಿದದ್ದು 3 ಸ್ಥಾನ. ಗಾಯತ್ರೀದೇವಿಯವರು ಕೊನೆಯವರೆಗೂ ಪಕ್ಷನಿಷ್ಠರಾಗಿ ಉಳಿದರು ಎಂಬುದನ್ನೂ ಹೇಳಬೇಕು. ಗುಜರಾತಿನಲ್ಲಿ ವಲ್ಲಭ ವಿದ್ಯಾನಗರವನ್ನು ಕಟ್ಟಿದ ಭಾಯಿಲಾಲಭಾಯಿ ಪಟೇಲರ ಮುಂದಾಳುತನದಲ್ಲಿ ರೈತರ ನೆಲೆಯ ಮೇಲೆ ಪಕ್ಷ ಬೆಳೆದು, 1967ರಲ್ಲಿ 168 ಸದಸ್ಯರ ವಿಧಾನಸಭೆಯಲ್ಲಿ 66 ಸ್ಥಾನ ಪಡೆಯಿತು. ಎರವಲು ಮತಕ್ಕೂ ಸ್ವಂತ ಮತಕ್ಕೂ ಇರುವ ಅಂತರ ಬಿಹಾರ ಮತ್ತು ಗುಜರಾತಿನ ನಡುವಿನ ಅಂತರ.

1967 ಪಕ್ಷದ ಉಚ್ಛ್ರಾಯ ಕಾಲ. ಲೋಕಸಭೆಯಲ್ಲಿ 44 ಸ್ಥಾನ, ಶೇ. 8.67ರಷ್ಟು ಮತ. ಮತಪ್ರಮಾಣ ಶೇ. 1ರಷ್ಟೂ ಏರದೆ ಸ್ಥಾನಗಳು ಮಾತ್ರ ಇಮ್ಮಡಿಗಿಂತ ಹೆಚ್ಚಾದುದರ ಹಿಂದೆ ಹಲವೆಡೆ ಮಾಡಿಕೊಂಡ ಹೊಂದಾಣಿಕೆಗಳಿದ್ದವು. ಮದ್ರಾಸಿನಲ್ಲಿ 1937ರ ಬಳಿಕ ಶಾಲೆಗಳಿಗೆ ಹಿಂದಿಯನ್ನು ಕಡ್ಡಾಯವಾಗಿ ತಂದ ರಾಜಾಜಿ, ಹಿಂದಿ ವಿರೋಧದ ಡಿಎಂಕೆಯೊಡನೆ ಕೈಜೋಡಿಸಿದರು. ಅಷ್ಟರಲ್ಲಿ ಹಿಂದಿಯ ಬಗ್ಗೆ ಅವರ ನಿಲುವೂ ಬದಲಾಗಿತ್ತೆನ್ನುವುದು ನಿಜ. ಡಿಎಂಕೆ ತನ್ನ ಬಲದಿಂದಲೇ ಸರ್ಕಾರ ರಚಿಸಿತು. ನಮ್ಮ ಕರ್ನಾಟಕದಲ್ಲಿ, ಅಂದಿನ ಮೈಸೂರು ರಾಜ್ಯದಲ್ಲಿ, 27 ಲೋಕಸಭಾ ಸ್ಥಾನಗಳ ಪೈಕಿ 5 ಸ್ವತಂತ್ರ ಪಕ್ಷಕ್ಕೆ ಬಂದವು. ಉಡುಪಿಯಿಂದ ಹಿಂದೆ ಐಸಿಎಸ್ ಅಧಿಕಾರಿಯಾಗಿದ್ದ ಜೆ. ಎಂ. ಲೋಬೊ ಪ್ರಭು, ಚಿತ್ರದುರ್ಗದಿಂದ ಜೆ. ಮೊಹಮ್ಮದ್ ಇಮಾಂ ಗೆದ್ದರು. ಇಮಾಂ ಅವರು ಅದೇ ಕ್ಷೇತ್ರವನ್ನು 1957ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಗೆದ್ದಿದ್ದವರು. ಎರಡು ವಿರುದ್ಧ ಸಿದ್ಧಾಂತಗಳ ಗುರುತಿನಲ್ಲಿ ಒಬ್ಬರೇ ಗೆದ್ದರೆಂದರೆ, ಮತದಾರ ಪಕ್ಷದಷ್ಟೇ ವ್ಯಕ್ತಿಯನ್ನೂ ನೋಡುತ್ತಾನೆ ಎಂದಾಯಿತು.

ಈ 44 ಸ್ಥಾನಗಳಿಂದಲೂ ಸರ್ಕಾರದ ದಿಕ್ಕು ಬದಲಾಗಲಿಲ್ಲ. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಷೇರುದಾರ ರುಸ್ತುಂ ಕಾವಸ್‌ಜಿ ಕೂಪರ್ ಸ್ವತಂತ್ರ ಪಕ್ಷದವರು. 1970ರ ಫೆಬ್ರವರಿಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಹತ್ತು–ಒಂದರ ಬಹುಮತದಿಂದ ಆ ಕಾಯಿದೆಯನ್ನು ರದ್ದುಪಡಿಸಿತು. ಸರ್ಕಾರ ಹೊಸ ಕಾನೂನು ತಂದು ರಾಷ್ಟ್ರೀಕರಣವನ್ನು ಉಳಿಸಿಕೊಂಡಿತು. ಆ ಅರ್ಥದಲ್ಲಿ ಕೂಪರ್ ಸೋತರು. ಆದರೆ ಕಾನೂನಿನ ಉದ್ದೇಶ ಏನೇ ಇರಲಿ, ಪ್ರಜೆಯ ಹಕ್ಕಿನ ಮೇಲೆ ಅದರ ಪರಿಣಾಮವೇನು ಎಂದು ನೋಡಬೇಕೆಂಬ ಆ ತೀರ್ಪಿನ ವಿಚಾರ ಉಳಿಯಿತು. ಇಂದು ಎಡಬಲ ಪಂಥಗಳ ಭೇದವಿಲ್ಲದೆ ಯಾರ ಹಕ್ಕಿಗೆ ಧಕ್ಕೆಯಾದರೂ ನ್ಯಾಯವಾದಿಗಳು ಆ ತೀರ್ಪಿನ ಮೊರೆಹೋಗುತ್ತಾರೆ.

1971ರಲ್ಲಿ ವ್ಯವಹಾರಜ್ಞರ ಮಾತು ಸಂಪೂರ್ಣವಾಗಿ ಗೆದ್ದಿತು. ಇಂದಿರಾ ಗಾಂಧಿಯವರ ವಿರುದ್ಧ ಸಂಸ್ಥಾ ಕಾಂಗ್ರೆಸ್, ಜನಸಂಘ, ಸಂಯುಕ್ತ ಸಮಾಜವಾದಿ ಪಕ್ಷ, ಸ್ವತಂತ್ರ ಪಕ್ಷಗಳು ಒಂದಾದವು. ಮುಕ್ತ ಉದ್ಯಮದ ಪ್ರತಿಪಾದಕರೂ ಲೋಹಿಯಾವಾದಿಗಳೂ ಒಂದೇ ವೇದಿಕೆಯಲ್ಲಿ ಕುಳಿತರು. ತಾವು ಏನನ್ನು ಮಾಡುತ್ತೇವೆ ಎಂದು ಒಂದೇ ದನಿಯಲ್ಲಿ ಹೇಳುವುದು ಅವರಿಗೆ ಸಾಧ್ಯವಿರಲಿಲ್ಲ. ಯಾರನ್ನು ಇಳಿಸಬೇಕು ಎಂದಷ್ಟೇ ಹೇಳಬಹುದಿತ್ತು. ಎದುರಿಗೆ ಬಡತನ ನಿರ್ಮೂಲನದ ಘೋಷಣೆಯಿತ್ತು. ಆಳುವ ಕಾಂಗ್ರೆಸ್‌ಗೆ 352 ಸ್ಥಾನ ಬಂದವು. ಸ್ವತಂತ್ರ ಪಕ್ಷ 8ಕ್ಕೆ ಇಳಿಯಿತು, ಮತ ಶೇ. 3.07. ಹೊಂದಾಣಿಕೆಯ ಕಾರಣ ಅದು ಸ್ಪರ್ಧಿಸಿದ ಕ್ಷೇತ್ರಗಳೇ ಹಿಂದಿನದರ ಅರ್ಧಕ್ಕಿಂತ ಕಡಿಮೆಯಾದ್ದರಿಂದ ಮತಪ್ರಮಾಣವೂ ಕುಗ್ಗಿತು. ಮೈಸೂರು ರಾಜ್ಯದ 27 ಸ್ಥಾನಗಳೂ ಕಾಂಗ್ರೆಸ್ ಪಾಲಾದವು. ರಾಜಕೋಟದಲ್ಲಿ ಸೋತ ಮಸಾನಿ ಅಧ್ಯಕ್ಷ ಪದವಿಯನ್ನು ತ್ಯಜಿಸಿದರು. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡರು. 1974ರಲ್ಲಿ ಮಸಾನಿಯವರ ವಿರೋಧವನ್ನು ಮೀರಿ ಪಕ್ಷ ಚರಣಸಿಂಗರ ಭಾರತೀಯ ಲೋಕದಳದಲ್ಲಿ ಕರಗಿತು.

ಇಂದಿರಾ ಅಲೆಯಲ್ಲಿ ಒಂಟಿಯಾಗಿ ನಿಂತಿದ್ದರೂ ಸ್ವತಂತ್ರ ಪಕ್ಷ ಸೋಲುತ್ತಿತ್ತು; ಇದನ್ನು ನಾವು ಅಲ್ಲಗಳೆಯುವುದಿಲ್ಲ. 1962ರ ಸೋಲಿಗೂ 1971ರ ಸೋಲಿಗೂ ಇರುವ ವ್ಯತ್ಯಾಸ ಬೇರೆ ಕಡೆ ಇದೆ. ಕೃಪಲಾನಿ ಸೋತಾಗ ಅವರ ಮಾತು ಸೋಲಲಿಲ್ಲ; ಮತದಾರ ಯಾವ ಮಾತಿಗೆ ಬೆಂಬಲ ಕೊಟ್ಟನೆಂಬುದು ಸ್ಪಷ್ಟವಿತ್ತು. ಹಾಗೆ ನೋಡಿದರೆ ಅದೂ ಹಲವು ಪಕ್ಷಗಳ ಕೂಟವೇ. ಆದರೆ ಆ ಕೂಟಕ್ಕೆ ಹೇಳಲು ಒಂದು ಮಾತಿತ್ತು. ಮಹಾಮೈತ್ರಿ ಸೋತಾಗ ಉಳಿಸಿಕೊಳ್ಳಲು ಅಂಥ ಮಾತೇ ಇರಲಿಲ್ಲ. ಗೆಲುವಿಗಾಗಿ ತತ್ತ್ವವನ್ನು ಬದಿಗಿಟ್ಟವರು ಸೋತರೆ ಅವರಿಗೆ ಗೆಲುವೂ ಇಲ್ಲ, ತತ್ತ್ವವೂ ಇಲ್ಲ.

ಪಕ್ಷ ಹೋದ ಮೇಲೆ ಅದು ನಿಲ್ಲುತ್ತಿದ್ದ ಜಾಗವೂ ಮುಚ್ಚಿಹೋಯಿತು. 1976ರಲ್ಲಿ ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಎಂಬ ಪದ ಸೇರಿತು. ಪ್ರಜಾಪ್ರತಿನಿಧಿತ್ವ ಕಾಯಿದೆಗೆ 1989ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ನೋಂದಣಿ ಬಯಸುವ ಪ್ರತಿಯೊಂದು ಪಕ್ಷವೂ ಸಮಾಜವಾದಕ್ಕೆ ನಿಷ್ಠೆಯನ್ನು ಘೋಷಿಸಬೇಕು. ಹಳೆಯ ಸ್ವತಂತ್ರ ಪಕ್ಷದ ಕಾರ್ಯಕರ್ತ ಎಸ್. ವಿ. ರಾಜು ಮುಂತಾದವರು 1996ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಇದನ್ನು ಪ್ರಶ್ನಿಸಿದರು. ಸಮಾಜವಾದದ ಅಭಿಮಾನಿಗಳೂ ಇಲ್ಲಿ ಯೋಚಿಸಬೇಕಾದುದಿದೆ: ಒಪ್ಪದವನು ಸುಳ್ಳು ಪ್ರಮಾಣ ಮಾಡಿಯೇ ಒಳಗೆ ಬರಬೇಕಾದರೆ ಆ ಪ್ರಮಾಣಕ್ಕೆ ಬೆಲೆ ಎಷ್ಟು? ಇನ್ನೊಂದು ಕಡೆ, ಪಕ್ಷದ ಹುಟ್ಟಿಗೆ ಕಾರಣವಾದ ಸಾಮೂಹಿಕ ಬೇಸಾಯ ದೇಶದ ಪದ್ಧತಿಯಾಗಲೇ ಇಲ್ಲ. ರಾಜಾಜಿ ಹೀಗಳೆದ ಪರ್ಮಿಟ್, ಲೈಸೆನ್ಸ್, ಕೋಟಾಗಳ ಆಡಳಿತವನ್ನು 1991ರಲ್ಲಿ ಸಡಿಲಿಸತೊಡಗಿದ್ದು ಕಾಂಗ್ರೆಸ್ ಸರ್ಕಾರವೇ. ಇದೆಲ್ಲ ಆ ಮತಗಳಿಂದಲೇ ಆಯಿತೆಂದರೆ ಅತಿಶಯೋಕ್ತಿ. ಆ ಮಾತನ್ನು ಮೊದಲೇ ಆಡಿದವರಿದ್ದರು ಎಂದರೆ ಚರಿತ್ರೆ.

ಚುನಾವಣಾ ಕರ್ತವ್ಯಕ್ಕೆ ಹೋಗುವ ನಮ್ಮಂಥ ಸರ್ಕಾರಿ ನೌಕರರಿಗೆ ‘ನಮೂನೆ 20’ ಪರಿಚಿತ. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಅದರಲ್ಲಿ ದಾಖಲಾಗುತ್ತದೆ. ಚಲಾವಣೆಯಾದ ಸಿಂಧು ಮತಗಳ ಆರನೆಯ ಒಂದು ಭಾಗ ಬಾರದವರ ಠೇವಣಿ ಹೋಗುತ್ತದೆ. ಆದರೆ ಮೂರೇ ಮತ ಬಿದ್ದಿದ್ದರೂ ಆ ಮೂರನ್ನು ಬರೆಯದೆ ಬಿಡುವಂತಿಲ್ಲ. ಸೋಲುವವನಿಗೆ ಮತ ಹಾಕಲೇಬೇಕೆಂದು ನಾವು ಹೇಳುತ್ತಿಲ್ಲ. ಭಿನ್ನಾಭಿಪ್ರಾಯವನ್ನು ಮರೆತು ಗೆಲ್ಲಬಲ್ಲವನ ಹಿಂದೆ ನಿಲ್ಲಬೇಕಾದ ಸಂದರ್ಭಗಳು ಪ್ರಜಾಪ್ರಭುತ್ವದಲ್ಲಿ ಬರುತ್ತವೆ. ಆಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ, ಇವನು ಗೆಲ್ಲುತ್ತಾನೆಯೇ ಎಂಬುದೊಂದೇ ಅಲ್ಲ. ಇವನು ಸೋತರೂ ನಾಳೆ ಇದೇ ಮಾತನ್ನು ಆಡುತ್ತಾನೆಯೇ, ಗೆದ್ದರೂ ಇದೇ ಮಾತನ್ನು ಆಡುತ್ತಾನೆಯೇ ಎಂದು ಕೇಳಬೇಕು. ಎರಡಕ್ಕೂ ಹೌದೆಂಬ ಉತ್ತರ ಸಿಗುವ ಅಭ್ಯರ್ಥಿ ನಮ್ಮ ಕ್ಷೇತ್ರದಲ್ಲಿದ್ದರೆ, ಅವನಿಗೆ ಬಿದ್ದ ಮತವನ್ನು ವ್ಯರ್ಥವೆನ್ನಲು ಈ ಚರಿತ್ರೆಯನ್ನು ಓದಿದ ನಮಗೆ ಧೈರ್ಯ ಸಾಲದು.